ವಂಶವೃಕ್ಷದಲ್ಲಿ ಇಲ್ಲದ ಅತ್ತೆ

"ನಿಮ್ಮ ತಾಯಿಗೆ ಯಾವ ವಯಸ್ಸಿನಲ್ಲಿ ಮುಟ್ಟು ನಿಂತಿತು?" ಎಂದು ಶಿವಮೊಗ್ಗದ ಸ್ತ್ರೀರೋಗ ತಜ್ಞೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಮ್ಮನಿಗೆ 39ಕ್ಕೇ ಗರ್ಭಕೋಶ ತೆಗೆದಿದ್ದರು. ಜೊತೆಗೆ ಅಂಡಾಶಯವನ್ನೂ ತೆಗೆದರೋ ಉಳಿಸಿದರೋ ಯಾರಿಗೂ ಗೊತ್ತಿಲ್ಲ. ಅಮ್ಮ ಈಗಿಲ್ಲ, ಆಸ್ಪತ್ರೆಯ ಚೀಟಿಯೂ ಇಲ್ಲ. "ಗರ್ಭಕೋಶದ ಆಪರೇಷನ್ ಆಗಿತ್ತು" ಎಂಬ ಒಂದೇ ಮಾತು ಮನೆಯಲ್ಲಿ ಉಳಿದಿದೆ. ವೈದ್ಯರ ಲೆಕ್ಕದಲ್ಲಿ ಅಂಡಾಶಯ ತೆಗೆಯುವುದು, ಉಳಿಸುವುದು ಇವೆರಡರ ನಡುವೆ ಬಹಳ ಅಂತರವಿದೆ. ಅಂಡಾಶಯವನ್ನೂ ತೆಗೆದಿದ್ದರೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೈಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಬರುವುದು ನಿಂತಿರುತ್ತದೆ. ಉಳಿಸಿದ್ದರೂ ಅದು ಸಹಜ ವಯಸ್ಸಿಗಿಂತ ತುಸು ಮೊದಲೇ ಸೋಲುವುದುಂಟು. ಅಮ್ಮ ನಲವತ್ತರ ಸುತ್ತ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದುದು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳುತ್ತಿದ್ದುದು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಈಗ ಹೇಳುವವರಿಲ್ಲ.

ನಮ್ಮದು ಮರೆಯುವ ಮನೆಯಲ್ಲ. ತೋಟದ ಯಾವ ಸಾಲನ್ನು ಯಾವ ಅಜ್ಜ ನೆಟ್ಟದ್ದು, ಈಗಿನ ಆಕಳು ಯಾವ ಆಕಳ ಮೊಮ್ಮಗಳು, ಯಾವ ವರ್ಷ ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿತು, ಎಲ್ಲವೂ ನಾಲಿಗೆಯ ತುದಿಯಲ್ಲಿದೆ. ಸತ್ತವರ ತಿಥಿ ಪಕ್ಷ ಸಮೇತ ನೆನಪಿದೆ. ಬದುಕಿದ್ದಾಗ ಹೆಂಗಸರ ಮೈಗೆ ಏನಾಯಿತು ಎಂಬುದಕ್ಕೆ ಮಾತ್ರ ಆ ನೆನಪಿನಲ್ಲಿ ಜಾಗ ಸಿಗಲಿಲ್ಲ.

ಆ ಪ್ರಶ್ನೆಯ ತನಕ ನಾನು ಬಂದ ದಾರಿಯೂ ನೇರವಾಗಿರಲಿಲ್ಲ. ಎಡ ಭುಜ ಮೇಲೇಳದಾದಾಗ ಮೂಳೆ ತಜ್ಞರಲ್ಲಿಗೆ ಹೋದೆ. ನಾಲಿಗೆಯ ತುದಿ ಸುಟ್ಟಂತೆ ಉರಿಯತೊಡಗಿದಾಗ ದಂತವೈದ್ಯರಲ್ಲಿಗೆ, ಕಿವಿಯಲ್ಲಿ ಜೀರುಂಡೆ ಕೂತಾಗ ಕಿವಿ ನೋಡುವವರಲ್ಲಿಗೆ. ಮೂವರೂ ಸಭ್ಯರು, ತಮ್ಮ ತಮ್ಮ ಅಂಗವನ್ನು ಶ್ರದ್ಧೆಯಿಂದಲೇ ನೋಡಿದರು. ಮುಟ್ಟು ಏರುಪೇರಾಗಿದೆಯೇ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಭುಜ ನೋಡುವವರ ಮುಂದೆ ಆ ಸುದ್ದಿ ಎತ್ತುವ ಪದ್ಧತಿ ನಮ್ಮಲ್ಲಿಯೂ ಇಲ್ಲ. ಮುಟ್ಟು ನಿಲ್ಲುವುದೆಂದರೆ ಮೈ ಬಿಸಿಯೇರುವುದು, ಬೆವರುವುದು, ಸಿಡುಕುವುದು ಎಂದಷ್ಟೇ ಎಲ್ಲರಿಗೂ ಗೊತ್ತು. ಆದರೆ ಈಸ್ಟ್ರೋಜನ್ ಹಿಡಿದುಕೊಳ್ಳುವ ಗ್ರಾಹಕಗಳು ಗರ್ಭಕೋಶದಲ್ಲಿ ಮಾತ್ರ ಇರುವುದಲ್ಲ. ಮೆದುಳು, ಚರ್ಮ, ಕೀಲು, ಮೂಳೆ, ರಕ್ತನಾಳ, ಮೂತ್ರಕೋಶ, ಬಾಯಿಯ ಒಳಪದರ, ಇಷ್ಟೂ ಕಡೆ ಇವೆ. ಹಾರ್ಮೋನು ಏರಿಳಿಯತೊಡಗಿದಾಗ ಇವುಗಳಲ್ಲಿ ಯಾವುದು ಮೊದಲು ಗಲಾಟೆ ಎಬ್ಬಿಸುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ.

ಚಳಿಗಾಲದ ಉಂಬಳ

ಅತ್ತೆ ನೆನಪಾದದ್ದು ಆಗ. ಅಪ್ಪಯ್ಯನ ತಂಗಿ, ಹೊಸನಗರ ತಾಲ್ಲೂಕಿಗೆ ಮದುವೆಯಾಗಿ ಹೋದವರು. ನನ್ನ ಮದುವೆಯಾದ ಹೊಸತರಲ್ಲಿ ಒಂದು ಚಳಿಗಾಲ ಅವರ ಮನೆಯಲ್ಲಿ ಕೆಲವು ದಿನ ಇದ್ದೆ. ಅಡಿಕೆ ಸುಲಿತದ ಕಾಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಮೆಟ್ಟುಗತ್ತಿಗಳ ಮುಂದೆ ಹೆಂಗಸರ ಸಾಲು, ನಡುವೆ ಅಡಿಕೆ ರಾಶಿ, ಒಬ್ಬರ ಮಾತು ಮುಗಿಯುವ ಮೊದಲು ಇನ್ನೊಬ್ಬರದು. ಅತ್ತೆ ಸುಲಿಯುವುದನ್ನು ಮತ್ತೆ ಮತ್ತೆ ನಿಲ್ಲಿಸಿ ಸೀರೆಯ ನಿರಿಗೆ ಎತ್ತಿ ಕಾಲು ನೋಡಿಕೊಳ್ಳುತ್ತಿದ್ದರು. "ಏನೋ ಹರಿಯುತ್ತಿದೆ" ಎಂದರು. ಪಕ್ಕದಲ್ಲಿದ್ದವರು ನಕ್ಕು, "ಮಳೆ ಹೋಯಿತು, ಈಗ ಎಲ್ಲಿಯ ಉಂಬಳ?" ಎಂದರು. ಉಂಬಳ ಎಂದರೆ ಮಳೆಗಾಲದ ಜಿಗಣೆ. ಆದರೆ ಮನೆಯ ಹಿರಿಯರೊಬ್ಬರು ನಗಲಿಲ್ಲ. ಉಂಬಳವಲ್ಲದಿದ್ದರೆ ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣಿ) ಇರಬಹುದಲ್ಲ? ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆಯ ವೈರಾಣು ಪತ್ತೆಯಾದಾಗಿನಿಂದ, ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಮೈಮೇಲೆ ಏನೇ ಹರಿದರೂ ನಮ್ಮ ಕಡೆಯವರಿಗೆ ಮೊದಲು ಬರುವ ಯೋಚನೆ ಅದೇ. ಬ್ಯಾಟರಿ ತಂದು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಹುಡುಕಿದರು. ಏನೂ ಇರಲಿಲ್ಲ. ಕಾಡಿಗೆ ಹೋಗುವಾಗ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆಯನ್ನು ಅತ್ತೆ ಮನೆಯೊಳಗೇ ಹಚ್ಚಿಕೊಂಡು ಕೂತರು. ಮರುದಿನ ತೋಳಿನ ಮೇಲೂ ಹರಿಯಿತು. ಕೊನೆಗೆ "ನರದ ದೌರ್ಬಲ್ಯ" ಎಂದು ಯಾರೋ ತೀರ್ಪು ಕೊಟ್ಟರು.

ಇರುವೆ ಹರಿದಂತೆ, ಚರ್ಮದ ಕೆಳಗೆ ಏನೋ ಚಲಿಸಿದಂತೆ ಆಗುವ ಈ ಅನುಭವ ವೈದ್ಯರ ಪುಸ್ತಕದಲ್ಲಿ ಹಳೆಯದು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳ ಲಕ್ಷಣಗಳ ಪಟ್ಟಿಯಲ್ಲಿ ಅದು ಹಿಂದಿನಿಂದಲೂ ಇದೆ. ಈಸ್ಟ್ರೋಜನ್ ಇಳಿದಂತೆ ಚರ್ಮ ತೆಳುವಾಗಿ ಒಣಗುತ್ತದೆ, ಅಲ್ಲಿನ ನರತುದಿಗಳು ಸುಮ್ಮಸುಮ್ಮನೆ ಸುದ್ದಿ ಕಳಿಸತೊಡಗುತ್ತವೆ. ಕೆಲವರಿಗೆ ಕ್ಷಣಮಾತ್ರ ಕರೆಂಟು ಹೊಡೆದಂತಾಗುತ್ತದೆ, ಕೆಲವರಿಗೆ ಒಂದು ಗಾಯವೂ ಇಲ್ಲದೆ ಮೈಯೆಲ್ಲ ತುರಿಕೆ. ಜಗಲಿಯ ಮೇಲಿದ್ದ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಆ ವಯಸ್ಸು ದಾಟಿದವರು. ಅವರಲ್ಲಿ ಯಾರಿಗೂ ಹೀಗೆ ಆಗಿರಲೇ ಇಲ್ಲ ಎಂದು ನಂಬುವುದು ನನಗೆ ಕಷ್ಟ.

ಅದೇ ಚಳಿಗಾಲ ಅತ್ತೆ ಅಪ್ಪೆಮಿಡಿ ಬಿಟ್ಟಿದ್ದರು. ಉಪ್ಪಿನಕಾಯಿಯ ಭರಣಿಯನ್ನು ತಾವೇ ತುಂಬಿ ತಾವೇ ಮುಟ್ಟದಿರುವುದು ಎಂದರೆ ನಮ್ಮ ಕಡೆ ಅದು ಸಣ್ಣ ಘಟನೆಯಲ್ಲ. ವ್ರತವೇ ಎಂದು ಕೇಳಿದವರಿಗೆ "ನಾಲಿಗೆ ಉರಿ" ಎಂದರು. ನಾಲಿಗೆ ನೋಡಿದರೆ ಕೆಂಪಿಲ್ಲ, ಹುಣ್ಣಿಲ್ಲ. ಪಿತ್ತ ಎಂದರು, ಉಷ್ಣ ಎಂದರು. ಒಂದೆಲಗದ ತಂಬುಳಿ, ಮುರುಗಲು ಪಾನಕ, ಎಳನೀರು ಎಲ್ಲ ಬಂದವು. ತಂಪಾದದ್ದು ಬಾಯಿಗೆ ಬಿದ್ದಾಗ ಹಿತವಾಗಿರಲೇಬೇಕು, ಅದನ್ನು ನಾನು ಹಗುರವಾಗಿ ಹೇಳುವುದಿಲ್ಲ. ಆದರೆ ಬಾಯಿ ಉರಿ ಎಂಬ ಈ ತೊಂದರೆಗೆ ಹೆಚ್ಚಾಗಿ ಸಿಕ್ಕಿಬೀಳುವವರು ಮುಟ್ಟು ನಿಂತ ಅಥವಾ ನಿಲ್ಲುತ್ತಿರುವ ಹೆಂಗಸರೇ. ನೋಡಲು ಬಾಯಿ ಸರಿಯಾಗಿಯೇ ಇರುತ್ತದೆ. ಬೆಳಗ್ಗೆ ಕಡಿಮೆ, ಸಂಜೆಗೆ ಜೋರು. ಕೆಲವರಿಗೆ ಬಾಯಿ ಒಣಗುತ್ತದೆ, ಲೋಹ ನೆಕ್ಕಿದ ರುಚಿ ಬರುತ್ತದೆ. ಕಣ್ಣಿಗೆ ಕಾಣದ ನೋವಾದ್ದರಿಂದ "ಮನಸ್ಸಿನದು" ಎಂಬ ಹಣೆಪಟ್ಟಿ ಬೇಗ ಅಂಟುತ್ತದೆ. ಅತ್ತೆಗೂ ಅಂಟಿತು.

ಇನ್ನೊಂದು ಸಂಗತಿಯನ್ನು ಆಗ ಕಂಡಿದ್ದರೂ ನನ್ನ ಭುಜ ಹಿಡಿದುಕೊಂಡ ಮೇಲಷ್ಟೇ ಅದಕ್ಕೊಂದು ಅರ್ಥ ಬಂತು. ಬೆಳಗ್ಗೆ ಅತ್ತೆ ನನ್ನನ್ನು ಕರೆದು ತುರುಬು ಕಟ್ಟಿಸಿಕೊಳ್ಳುತ್ತಿದ್ದರು. ಕೈ ತಲೆಯ ಹಿಂದಕ್ಕೆ ಹೋಗುತ್ತಿರಲಿಲ್ಲ. ವಾಯು ಎಂದು ಬಿಸಿ ಎಣ್ಣೆ ತಿಕ್ಕುತ್ತಿದ್ದರು. ಭುಜದ ಕೀಲಿನ ಸುತ್ತಲಿನ ಚೀಲ ದಪ್ಪವಾಗಿ ಬಿಗಿದುಕೊಳ್ಳುವ ಈ ಕಾಯಿಲೆ ನಲವತ್ತರಿಂದ ಅರವತ್ತರ ನಡುವೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತಾನಾಗಿಯೇ ಸಡಿಲವಾಗಲು ಒಂದರಿಂದ ಮೂರು ವರ್ಷ ಬೇಕು. ಕುಪ್ಪಸದ ಹುಕ್ಕು ಹಾಕಲು, ಅಟ್ಟದಿಂದ ಡಬ್ಬಿ ಇಳಿಸಲು, ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲು ಇನ್ನೊಬ್ಬರನ್ನು ಕೇಳಿಕೊಂಡೇ ಅಷ್ಟು ಕಾಲ ಕಳೆಯಬೇಕು.

ಜಾತ್ರೆಯ ಲೆಕ್ಕ

ಅತ್ತೆಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ನಿಂತದ್ದು ಯಾವಾಗ? "ಅದನ್ನೆಲ್ಲ ಯಾರು ಬರೆದಿಟ್ಟುಕೊಳ್ಳುತ್ತಾರೆ ತಂಗಿ" ಎಂದರು. ಸ್ವಲ್ಪ ಹೊತ್ತಿನ ನಂತರ ಅವರೇ ಫೋನ್ ಮಾಡಿದರು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಒಂದು ಜಾತ್ರೆಗೆ ತವರಿಗೆ ಬಂದವರು ಸರಿಯಾಗಿ ಅದೇ ದಿನಗಳಲ್ಲಿ ಹೊರಗೆ ಕೂತು, ದೇವಿಯನ್ನು ನೋಡದೆಯೇ ಬಸ್ಸು ಹತ್ತಿದ್ದರು. ಆ ಬೇಜಾರು ಇನ್ನೂ ಇದೆ. ಮುಂದಿನ ಜಾತ್ರೆಯ ಹೊತ್ತಿಗೆ ಯಾವ ಅಡ್ಡಿಯೂ ಇರಲಿಲ್ಲ, ಉಡಿ ತುಂಬಿ ಬಂದರು. ನಡುವಿನ ಮೂರು ವರ್ಷಗಳಲ್ಲೇ ನಿಂತಿರಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ, 1964ರಲ್ಲಿ, ಹುಟ್ಟಿದವರು ಅತ್ತೆ. ನಾವಿಬ್ಬರೂ ಫೋನಿನಲ್ಲೇ ಕೂಡಿ ಕಳೆದು 43ರಿಂದ 46ರ ನಡುವೆ ಎಂಬಲ್ಲಿಗೆ ಬಂದು ನಿಂತೆವು.

ಇದರಿಂದ ನನಗೊಂದು ವಿಚಿತ್ರ ಹೊಳೆಯಿತು. ತಿಂಗಳಿಗೊಮ್ಮೆ ಹೊರಗೆ ಕೂರಿಸುತ್ತಿದ್ದ ಮನೆಗಳಲ್ಲಿ ಯಾವ ಹೆಂಗಸಿನ ಮುಟ್ಟೂ ಗುಟ್ಟಾಗಿರಲಿಲ್ಲ. ಅಂಗಳದ ಮಕ್ಕಳಿಗೂ ಗೊತ್ತಿರುತ್ತಿತ್ತು. ಅದು ನಿಂತದ್ದೂ ಗೊತ್ತಾಗುತ್ತಿತ್ತು, ಏಕೆಂದರೆ ಆಮೇಲೆ ಆಕೆ ಶ್ರಾದ್ಧದ ಅಡುಗೆಗೆ ನಂಬಿಕೆಯ ಆಳು. ಮನೆ ಗುರುತಿಟ್ಟುಕೊಂಡದ್ದು ಅವಳು ಕೆಲಸಕ್ಕೆ ಪೂರ್ತಿ ಸಿಕ್ಕಳು ಎಂಬುದನ್ನು. ಅವಳ ನಿದ್ದೆ, ಭುಜ, ನಾಲಿಗೆ, ಎಲುಬು ಆ ಗುರುತಿನೊಳಗೆ ಬರಲಿಲ್ಲ. ಆದರೂ ಆ ಗುರುತುಗಳೇ ಈಗ ನಮಗೆ ಉಳಿದಿರುವ ದಾಖಲೆ. ದೊಡ್ಡಮ್ಮನ ವಯಸ್ಸನ್ನೂ ಹೀಗೆಯೇ ಹಿಡಿದೆ: ಮಗನ ಉಪನಯನದ ಅಡುಗೆಗೆ ಇನ್ನೊಬ್ಬರನ್ನು ಕರೆಸಿದ್ದರು, ಮಗಳ ಮದುವೆಯ ದೇವಕಾರ್ಯದ ಅಡುಗೆಯನ್ನು ತಾವೇ ಮಾಡಿದರು.

ವಯಸ್ಸು ಅಷ್ಟು ಮುಖ್ಯವೇ ಎಂದರೆ ಹೌದು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ನಿಂತಿತು ಎಂದು ಲೆಕ್ಕ. ಪಾಶ್ಚಾತ್ಯ ದೇಶಗಳಲ್ಲಿ ಅದು ಸರಾಸರಿ 51ಕ್ಕೆ, ನಮ್ಮ ದೇಶದಲ್ಲಿ 46–47ಕ್ಕೆ. ಲಕ್ಷಣಗಳು ಅದಕ್ಕೂ ಹಲವು ವರ್ಷ ಮೊದಲೇ ಶುರುವಾಗಬಹುದು. ಅಂದರೆ 41ರ ಹೆಂಗಸಿಗೆ "ನಿಮಗೆ ಇನ್ನೂ ಆ ವಯಸ್ಸಾಗಿಲ್ಲ" ಎನ್ನುವವರು ಬೇರೆ ಖಂಡದ ಕ್ಯಾಲೆಂಡರು ನೋಡುತ್ತಿದ್ದಾರೆ. 45ಕ್ಕಿಂತ ಮೊದಲು ನಿಂತರೆ ಬೇಗ ಎಂದೂ 40ಕ್ಕಿಂತ ಮೊದಲಾದರೆ ಅಕಾಲಿಕ ಎಂದೂ ಕರೆಯುತ್ತಾರೆ. ಅಂಥವರಿಗೆ ಮೂಳೆ ಸವೆತ, ಹೃದಯದ ಕಾಯಿಲೆಗಳ ಅಪಾಯ ಹೆಚ್ಚು. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡುವುದು ವಾಡಿಕೆ. ತಜ್ಞೆ ಅಮ್ಮನ ವಯಸ್ಸು ಕೇಳಿದ್ದು ಕುತೂಹಲಕ್ಕಲ್ಲ.

ಅಪ್ಪಯ್ಯನಿಂದ ಬಂದದ್ದು

ಅಮ್ಮನದು ಗೊತ್ತಿಲ್ಲ ಎಂದಾಗ ಆಕೆ, "ತಂದೆಯ ಅಕ್ಕತಂಗಿಯರು ಇದ್ದಾರೆಯೇ?" ಎಂದು ಕೇಳಿದರು. ಹೆಂಗಸರ ತೊಂದರೆಗೆ ತಂದೆಯ ಕಡೆ ಏಕೆ ಹುಡುಕಬೇಕು ಎಂದು ನನ್ನ ಗಂಡನಿಗೆ ಆಶ್ಚರ್ಯವಾಯಿತು. ಎಷ್ಟನೇ ವಯಸ್ಸಿಗೆ ನಿಲ್ಲುತ್ತದೆ ಎಂಬುದರಲ್ಲಿ ಹೆಂಗಸಿಂದ ಹೆಂಗಸಿಗೆ ಇರುವ ವ್ಯತ್ಯಾಸದ ಹೆಚ್ಚುಕಡಿಮೆ ಅರ್ಧ ಭಾಗ ವಂಶವಾಹಿಗಳದು ಎಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಆ ವಂಶವಾಹಿಗಳು ಅಮ್ಮನಿಂದ ಎಷ್ಟೋ ಅಪ್ಪನಿಂದಲೂ ಅಷ್ಟೇ ಬರುತ್ತವೆ. ಅಪ್ಪನಿಗೆ ಮುಟ್ಟಿಲ್ಲದ್ದರಿಂದ ಅವುಗಳ ಈ ಪರಿಣಾಮ ಅಲ್ಲಿ ಕಾಣುವುದಿಲ್ಲ, ಅಪ್ಪನ ಅಕ್ಕತಂಗಿಯರಲ್ಲಿ ಕಾಣುತ್ತದೆ.

2021ರಲ್ಲಿ ಮುಖ್ಯವಾಗಿ ಯೂರೋಪ್ ಮೂಲದ ಸುಮಾರು ಎರಡು ಲಕ್ಷ ಮಹಿಳೆಯರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಮುಟ್ಟು ನಿಲ್ಲುವ ವಯಸ್ಸಿನ ಮೇಲೆ ಪ್ರಭಾವ ಬೀರುವ 290 ತಾಣಗಳು ಅದರಲ್ಲಿ ಸಿಕ್ಕವು. ಅವುಗಳಲ್ಲಿ ಬಹಳಷ್ಟು ಹಾರ್ಮೋನಿಗೆ ಸಂಬಂಧಿಸಿದವಲ್ಲ, ಡಿಎನ್‌ಎಗೆ ಬಿದ್ದ ಪೆಟ್ಟನ್ನು ರಿಪೇರಿ ಮಾಡುವ ವಂಶವಾಹಿಗಳು. ಹೆಣ್ಣುಮಗುವಿನ ಅಂಡಗಳೆಲ್ಲ ಅದು ತಾಯಿಯ ಹೊಟ್ಟೆಯಲ್ಲಿರುವಾಗಲೇ ಸಿದ್ಧವಾಗಿರುತ್ತವೆ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ, ಕೊನೆಗೆ ಸಾವಿರದಷ್ಟು. ಪತ್ತಾಯದಲ್ಲಿಟ್ಟ ಬಿತ್ತನೆ ಭತ್ತದ ಹಾಗೆ, ಹೊಸದು ಸೇರುವುದಿಲ್ಲ. ಇದ್ದದ್ದು ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬುದು ರಿಪೇರಿಯ ಮೇಲೆ ನಿಂತಿದೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸುದ್ದಿಯಲ್ಲಿ ಕೇಳಿಬರುವ ಬಿಆರ್‌ಸಿಎ1, ಬಿಆರ್‌ಸಿಎ2 ಕೂಡ ರಿಪೇರಿಯ ವಂಶವಾಹಿಗಳೇ. ಅವುಗಳಲ್ಲಿನ ದೋಷವೂ ಅಪ್ಪನಿಂದ ಮಗಳಿಗೆ ಇಳಿಯಬಹುದು. ವೈದ್ಯರು "ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ" ಎಂದಾಗ ನಾವು ತಾಯಿಯ ಕಡೆಯನ್ನು ಮಾತ್ರ ನೆನಪಿಸಿಕೊಳ್ಳುವುದು ಅರ್ಧ ಉತ್ತರ.

ವಯಸ್ಸು ಮಾತ್ರವಲ್ಲ, ಮೈ ಎಷ್ಟು ಬಿಸಿಯೇರುತ್ತದೆ ಎಂಬುದರಲ್ಲೂ ಹುಟ್ಟಿನ ಪಾಲಿದೆ. ಮೆದುಳಿನ ಹೈಪೋಥಲಾಮಸ್‌ನಲ್ಲಿ ಮೈಯ ಶಾಖ ಕಾಯುವ ಜಾಗವನ್ನು ಕೆಣಕುವ ನ್ಯೂರೊಕೈನಿನ್ ಬಿ ಎಂಬ ರಾಸಾಯನಿಕವಿದೆ. ಅದರ ಗ್ರಾಹಕದ ವಂಶವಾಹಿ ಟಿಎಸಿಆರ್3. ಅದರಲ್ಲಿ ಕೆಲವು ರೂಪಾಂತರಗಳಿದ್ದವರಿಗೆ ಬಿಸಿಯೇರುವ ಕಾಟ ಹೆಚ್ಚು ಎಂದು 2017ರಲ್ಲಿ ಗೊತ್ತಾಯಿತು. ಆ ಗ್ರಾಹಕವನ್ನೇ ತಡೆಯುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಹಾರ್ಮೋನು ತೆಗೆದುಕೊಳ್ಳಲಾಗದವರಿಗೂ ಒಂದು ದಾರಿ ತೆರೆಯಿತು. "ನಾವೆಲ್ಲ ಇದನ್ನು ಅನುಭವಿಸಲಿಲ್ಲವೇ, ನಿನಗೇನು ವಿಶೇಷ" ಎಂದು ಸೊಸೆಗೆ ಹೇಳುವ ಅತ್ತೆಯರು ಇದನ್ನು ಓದಬೇಕು. ಸೊಸೆಯ ಟಿಎಸಿಆರ್3 ಬೇರೆ ಮನೆಯಿಂದ ಬಂದದ್ದು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದಿಟ್ಟದ್ದು ಎಕ್ಸ್ ವರ್ಣತಂತುವಿನ ಮೇಲಿನ ಎಫ್‌ಎಂಆರ್1 ಎಂಬ ವಂಶವಾಹಿ. ಅದರಲ್ಲಿ ಸಿಜಿಜಿ ಎಂಬ ಮೂರಕ್ಷರದ ತುಣುಕು ಮತ್ತೆ ಮತ್ತೆ ಬರುತ್ತದೆ. 200ಕ್ಕಿಂತ ಹೆಚ್ಚಾದರೆ ಫ್ರಾಜೈಲ್ ಎಕ್ಸ್, ಬುದ್ಧಿಯ ಬೆಳವಣಿಗೆಗೆ ತೊಡಕು. 55ರಿಂದ 200ರ ನಡುವೆ ಇದ್ದರೆ ಮಗು ಆರಾಮವಾಗಿಯೇ ಬೆಳೆಯುತ್ತದೆ. ಆದರೆ ಹೆಂಗಸಾದರೆ ಐವರಲ್ಲಿ ಸುಮಾರು ಒಬ್ಬರಿಗೆ 40ರ ಮೊದಲೇ ಅಂಡಾಶಯ ಸೋಲುತ್ತದೆ, ಗಂಡಸಾದರೆ ಮುಪ್ಪಿನಲ್ಲಿ ಕೈ ನಡುಗುವುದು, ನಡಿಗೆ ತಪ್ಪುವುದು ಬರಬಹುದು. ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜನ ಕೈ ನಡುಗುತ್ತದೆ, ವಯಸ್ಸು ಎನ್ನುತ್ತಾರೆ. ಮಗಳಿಗೆ 36ಕ್ಕೇ ಮುಟ್ಟು ನಿಂತಿದೆ, ದೇಹಪ್ರಕೃತಿ ಎನ್ನುತ್ತಾರೆ. ಇನ್ನೊಬ್ಬ ಮಗಳ ಗಂಡುಮಗು ಮಾತು ಕಲಿಯುತ್ತಿಲ್ಲ, ದೈವೇಚ್ಛೆ ಎನ್ನುತ್ತಾರೆ. ಮೂರು ಊರುಗಳಲ್ಲಿ ಮೂರು ಬೇರೆ ವೈದ್ಯರು, ಮೂರು ಬೇರೆ ಹರಕೆಗಳು. ಇರುವುದು ಒಂದೇ ವಂಶವಾಹಿ. ಒಂದೇ ಹಾಳೆಯಲ್ಲಿ ಬರೆಯದ ಹೊರತು ಅದು ಯಾರಿಗೂ ಕಾಣಿಸುವುದಿಲ್ಲ.

ಹಾಳೆಯಲ್ಲಿ ಬರೆದು ನೋಡಿದಾಗ ಏನಾಗುತ್ತದೆ ಎಂಬುದು ನಮ್ಮ ಸೀಮೆಗೆ ಗೊತ್ತಿರಬೇಕಿತ್ತು. ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟ ಮೊಣಕಾಲು ಕುಸಿದು ಜನ ನಡೆಯಲಾರದಾದಾಗ ಕೀಟನಾಶಕ ಬಿದ್ದ ಗದ್ದೆಯ ಏಡಿಗಳ ಮೇಲೆ ಅನುಮಾನ ಹೋಗಿತ್ತು. ಮುಂದೆ ಕುಟುಂಬಗಳನ್ನು ತಲೆಮಾರುವಾರು ಬಿಡಿಸಿ ನೋಡಿದಾಗ, ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಆನುವಂಶಿಕ ಕಾಯಿಲೆ ಅದು ಎಂದು ತಿಳಿಯಿತು.

ನಮ್ಮ ಮನೆಯಲ್ಲೂ ಒಂದು ವಂಶವೃಕ್ಷವಿದೆ. ಅಚ್ಚಾದ ಪುಸ್ತಕ, ರಟ್ಟಿನ ಹೊದಿಕೆ, ಒಂಬತ್ತು ತಲೆಮಾರು. ಅದರಲ್ಲಿ ಅತ್ತೆಯ ಹೆಸರಿಲ್ಲ. ಹೆಣ್ಣುಮಕ್ಕಳು ಗೋತ್ರ ಬದಲಿಸಿಕೊಂಡು ಹೋಗುವವರು ಎಂಬ ಕಾರಣಕ್ಕೆ ಅವರನ್ನು ಬರೆದಿಲ್ಲ. ಅಜ್ಜಿ ಇನ್ನೊಂದು ಕಡೆಯಿಂದ ಬಂದವರಾದ್ದರಿಂದ ಅಜ್ಜನ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ಇದ್ದಾರೆ. ಜೀವಶಾಸ್ತ್ರ ನೋಡಿದರೆ ಅಪ್ಪಯ್ಯನಿಗೆ ಇದ್ದದ್ದು ಒಂದೇ ಎಕ್ಸ್, ಅದು ಅಜ್ಜಿಯಿಂದ ಬಂದದ್ದು. ಗಂಡಸಿನಲ್ಲಿ ಅದಕ್ಕೆ ಜೋಡಿ ಇಲ್ಲದ್ದರಿಂದ ಹೆಚ್ಚುಕಡಿಮೆ ಬೆರಕೆಯಿಲ್ಲದೆ ಇಡಿಯಾಗಿ ನನಗೆ ದಾಟಿದೆ. ನನ್ನ ಅಣ್ಣನಿಗೆ ಅದರಲ್ಲಿ ಪಾಲಿಲ್ಲ, ಅವನಿಗೆ ಸಿಕ್ಕಿದ್ದು ಅಜ್ಜನ ವೈ. ಪುಸ್ತಕದ ಒಂಬತ್ತು ತಲೆಮಾರು ವೈ ನಡೆದ ದಾರಿ ಅಷ್ಟೇ. ಆವರಣದೊಳಗಿನ ಅಜ್ಜಿ ಕೊನೆಗಾಲದಲ್ಲಿ ಬೆನ್ನು ಬಾಗಿ ನೆಲ ನೋಡಿಕೊಂಡೇ ನಡೆಯುತ್ತಿದ್ದರು. ಮುಪ್ಪಿನ ಲಕ್ಷಣ ಎಂದು ಸುಮ್ಮನಾಗಿದ್ದೆವು. ಬಹುಶಃ ಬೆನ್ನೆಲುಬಿನ ಮಣಿಗಳು ಒಂದೊಂದಾಗಿ ಕುಸಿದಿರಬೇಕು. ತಂದೆ ಅಥವಾ ತಾಯಿಗೆ ಸೊಂಟದ ಮೂಳೆ ಮುರಿದಿತ್ತೇ ಎಂಬುದು ಇಂದು ಮೂಳೆ ಸವೆತದ ಅಪಾಯ ಲೆಕ್ಕ ಹಾಕುವಾಗ ಕೇಳುವ ಪ್ರಶ್ನೆಗಳಲ್ಲಿ ಒಂದು.

ಎಲ್ಲವನ್ನೂ ಅದರ ತಲೆಗೆ ಕಟ್ಟುವ ಮುನ್ನ

ಇಷ್ಟು ಓದಿದ ಮೇಲೆ ನಲವತ್ತೈದರ ಎಲ್ಲ ನೋವನ್ನೂ ಮುಟ್ಟಿನ ಖಾತೆಗೆ ಬರೆಯುವ ಆಸೆ ಬರುತ್ತದೆ. ಅದೂ ಅಪಾಯ. ಭುಜ ಹಿಡಿಯುವುದು ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಲ್ಲಿ ಇನ್ನೂ ಹೆಚ್ಚು, ಅವೆರಡೂ ಮನೆತನದಲ್ಲಿ ಓಡುವಂಥವೇ. ಎದೆ ಬಡಿತಕ್ಕೆ ಇಸಿಜಿ ಮಾಡಿಸದೆ ಹಾರ್ಮೋನು ಎನ್ನಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ, ತಡಮಾಡದೆ ತೋರಿಸಬೇಕು, ಗರ್ಭಕೋಶದ ಕ್ಯಾನ್ಸರಿನ ಮೊದಲ ಸುಳಿವು ಅದೇ ಇರಬಹುದು. ಮತ್ತೆ ಮತ್ತೆ ಉರಿಮೂತ್ರ ಬರುವುದು ಮಾತ್ರ ಬಹಳ ಸಲ ಈಸ್ಟ್ರೋಜನ್ ಇಲ್ಲದೆ ಆ ಭಾಗದ ಚರ್ಮ ತೆಳುವಾದ್ದರಿಂದಲೇ. ಒಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮಿನಿಂದ ಇದು ಹತೋಟಿಗೆ ಬರುತ್ತದೆ. ಕೇಳಲು ನಾಚಿ ವರ್ಷಗಟ್ಟಲೆ ಬಾರ್ಲಿ ನೀರು ಕುಡಿಯುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ನಾಲಿಗೆ ಉರಿಯ ವಿಷಯದಲ್ಲಿ ನಮ್ಮ ಕಡೆ ಇನ್ನೊಂದನ್ನು ಹೇಳಲೇಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದರಿಂದಲೂ ನಾಲಿಗೆ ಉರಿಯುತ್ತದೆ, ಮೊದಲು ಅದನ್ನು ನೋಡಿಸಬೇಕು. ಮತ್ತು ಕವಳ, ಅಂದರೆ ಎಲೆಯಡಿಕೆ. ಖಾರ ತಿಂದರೆ ಬಾಯಿ ಉರಿಯುವುದು ಅಡಿಕೆಯಿಂದ ಬಾಯಿಯ ಒಳಪದರ ಗಡಸಾಗುವ ಕಾಯಿಲೆಯ ಮೊದಲ ಲಕ್ಷಣವೂ ಹೌದು. ಬಾಯಿ ಮೊದಲಿನಷ್ಟು ಅಗಲ ತೆರೆಯದಿದ್ದರೆ ಅದು ಹಾರ್ಮೋನಲ್ಲ. ತಂಬಾಕಿಲ್ಲದ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿ ಎರಡು ದಶಕ ದಾಟಿತು. ಅಡಿಕೆಯ ದುಡ್ಡಿನಲ್ಲೇ ಓದಿದ ನಾನು ಇದನ್ನು ಬರೆದರೆ ಊರಿನಲ್ಲಿ ಯಾರು ಯಾರು ಮುಖ ತಿರುಗಿಸುತ್ತಾರೆ ಎಂದೂ ಗೊತ್ತಿದೆ. ಅತ್ತೆ ಕವಳ ಹಾಕುವವರಲ್ಲ. ಹಾಗಾಗಿ ಅವರ ಉರಿಗೆ ಆ ಕಾರಣವಿರಲಿಲ್ಲ. ನನಗೆ ಬಿ12 ಕಡಿಮೆಯಿತ್ತು. ಇಂಜೆಕ್ಷನ್ ತೆಗೆದುಕೊಂಡ ಮೇಲೆ ಉರಿ ಅರ್ಧಕ್ಕಿಳಿಯಿತು. ಉಳಿದರ್ಧ ಯಾರದು ಎಂದು ತಜ್ಞೆ ಹೇಳಿದರು.

ಅತ್ತೆಯ ವಯಸ್ಸು, ದೊಡ್ಡಮ್ಮನ ವಯಸ್ಸು, ಅಜ್ಜಿಯ ಬೆನ್ನು, ಅಮ್ಮನ ಆಪರೇಷನ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ವೈದ್ಯರು ಬರೆಯುವ ಕ್ರಮದಲ್ಲೇ ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ ಹಾಕಿ, ಚಿತ್ರ ತೆಗೆದು ಅತ್ತೆಗೆ ಕಳುಹಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರಂತೆ. ಆಮೇಲೆ ಫೋನ್ ಮಾಡಿ ನಾನು ನಿರೀಕ್ಷಿಸದ ಪ್ರಶ್ನೆ ಕೇಳಿದರು: "ಅಣ್ಣನಿಂದ ನಿನಗೆ ಬರುವುದಾದರೆ, ನನ್ನ ಮಗನಿಂದ ಅವನ ಮಕ್ಕಳಿಗೂ ಹೋಗಬೇಕಲ್ಲ?" ಅವನಿಗೆ ಇಬ್ಬರೂ ಹೆಣ್ಣುಮಕ್ಕಳು. ಹೌದು ಎಂದೆ. ಆ ರಾತ್ರಿಯೇ ಊಟಕ್ಕೆ ಕೂತಾಗ ಮಗನಿಗೆ ಎಲ್ಲವನ್ನೂ ಹೇಳಿದರಂತೆ, ಜಾತ್ರೆಯ ಲೆಕ್ಕದ ಸಮೇತ. ಅವನು ತಲೆಯೆತ್ತದೆ ಊಟ ಮುಗಿಸಿ ಎದ್ದು ಹೋದನಂತೆ. ಮರುದಿನ ಅವನ ಹೆಂಡತಿ ನನಗೆ ಸಂದೇಶ ಕಳುಹಿಸಿದಳು. ತನ್ನ ತಾಯಿಗೆ ನಿಂತ ವಯಸ್ಸು, ಇಬ್ಬರು ಸೋದರತ್ತೆಯರದು, ಅವರಲ್ಲಿ ಒಬ್ಬರಿಗೆ ಆಗಿದ್ದ ಸ್ತನ ಕ್ಯಾನ್ಸರ್, ಎಲ್ಲ ಇತ್ತು. ಕೊನೆಯಲ್ಲಿ, "ಅಕ್ಕಾ, ಇದನ್ನು ಆ ಹಾಳೆಯಲ್ಲೇ ಸೇರಿಸಬೇಕೋ, ಬೇರೆ ಹಾಳೆ ಮಾಡಬೇಕೋ?" ಎಂದು ಕೇಳಿದ್ದಳು. ಅವಳ ಮಕ್ಕಳಿಗೆ ಎರಡೂ ಕಡೆಯವು ಬೇಕಾದ್ದರಿಂದ ಅದರಲ್ಲೇ ಸೇರಿಸು ಎಂದೆ. ಸ್ತನ ಕ್ಯಾನ್ಸರ್ ಆದ ಅತ್ತೆಗೆ ಆಗ ವಯಸ್ಸೆಷ್ಟು ಎಂದೂ ಕೇಳಿದೆ. ತವರಿಗೆ ಫೋನ್ ಮಾಡಿ ತಿಳಿದು ಹೇಳುತ್ತೇನೆ ಎಂದಿದ್ದಾಳೆ.